ಕೊಟ್ಟಿಲ್ಲ, ಯೆಸ್ ಮೇಡಂ

ಆಗ ನನಗೆ ಇಪ್ಪತ್ನಾಲ್ಕು. ಅದಾಗಿ ಐವತ್ತೈದು ವರ್ಷದ ಮೇಲಾಯಿತು. ಬಾಯಿಂದ ಬಂದ ಒಂದು ಯೆಸ್‌ಗೆ ನಾನು ಅವತ್ತು ಜೇಲಿಗೆ ಹೋಗುವವಳಿದ್ದೆ.

ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದು ಆರು ತಿಂಗಳಾಗಿತ್ತು. ಗಂಡ ಬೈಕುಲ್ಲಾದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ವಡಾಲದ ಚಾಳಿನಲ್ಲಿ ಒಂದು ಖೋಲಿ, ಒಂದೇ ಕೋಣೆ. ಅದರಲ್ಲಿ ನಾವಿಬ್ಬರು, ಅತ್ತೆ, ಒಂಬತ್ತು ತಿಂಗಳ ಮಗಳು. ನಾನು ಕೊಲಾಬಾದಲ್ಲಿ ಒಬ್ಬ ಇಂಗ್ಲಿಷ್ ಮೇಡಂ ಮನೆಯಲ್ಲಿ ಆಯಾ. ಅವರ ಗಂಡನಿಗೆ ಫೋರ್ಟಿನಲ್ಲಿ ಆಫೀಸು. ನನ್ನ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಅವರ ಕೂಸನ್ನು ಎತ್ತಿಕೊಳ್ಳಲು ಹೋಗುತ್ತಿದ್ದೆ. ಪಗಾರ ಸಿಗುತ್ತಿತ್ತು, ಹೋಗುತ್ತಿದ್ದೆ. ಅದರಲ್ಲಿ ಅಳುವಂಥದ್ದೇನೂ ಇಲ್ಲ.

ಮೇಡಂಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ನನಗೆ ಕನ್ನಡ ಬಿಟ್ಟರೆ ಬಾರದು. ಹಿಂದಿ ಅಂದರೆ ಕಾಯಿಪಲ್ಲೆ ಕೊಳ್ಳುವಷ್ಟು. ನಡುವೆ ಅಡುಗೆಯವನಿದ್ದ, ಮಂಗಳೂರು ಕಡೆಯವನು, ಐವತ್ತು ದಾಟಿದವನು. ನಾನು ಅಣ್ಣಾ ಅನ್ನುತ್ತಿದ್ದೆ. ನನಗೆ ಇಂಗ್ಲಿಷ್ ಕಲಿಸಿದವನು ಅವನೇ. ಮಿಲ್ಕ್, ಬಾತ್, ಸ್ಲೀಪ್, ಗಿವ್, ಟೇಕ್. ಯೆಸ್ ಅಂದರೆ ಹೌದು, ನೋ ಅಂದರೆ ಇಲ್ಲ. ಮಾತಿನ ನಡುವೆ ನಾಟ್ ಬಂದರೆ ಆ ಕೆಲಸ ಆಗಿಲ್ಲ ಅಂತ ತಿಳಿ ಎಂದಿದ್ದ. ಇಷ್ಟು ಬಂದರೆ ಸಾಕು, ಉಳಿದದ್ದು ಅವರ ಕೈಸನ್ನೆಯಲ್ಲಿ ಗೊತ್ತಾಗುತ್ತದೆ ಎಂದ. ನಾನೂ ಸಾಕು ಅಂದುಕೊಂಡೆ.

ಅವತ್ತು ಮೇಡಂ ಮಧ್ಯಾಹ್ನ ಯಾರದೋ ಮನೆಗೆ ಊಟಕ್ಕೆ ಹೋಗಿದ್ದರು. ಅಡುಗೆಯವನು ಸಾಮಾನು ತರಲು ಹೋಗಿದ್ದ. ಕೂಸಿಗೆ ಹಲ್ಲು ಬರುತ್ತಿತ್ತು. ಹಿಂದಿನ ಎರಡು ದಿನ ಕಣ್ಣು ಮುಚ್ಚಿರಲಿಲ್ಲ. ಹನ್ನೆರಡಕ್ಕೆ ಹಾಲು ಕುಡಿದು ಮಲಗಿದ್ದು, ಮಲಗೇ ಇತ್ತು. ನನಗೆ ಸಮಾಧಾನವಾಯಿತು. ಅದರ ಬಟ್ಟೆ ಒಗೆದೆ, ಮಡಿಸಿದೆ, ತೊಟ್ಟಿಲ ಪಕ್ಕ ಕೂತೆ.

ನಾಲ್ಕಕ್ಕೆ ಮೇಡಂ ಬಂದರು. ಕೂಸನ್ನು ಮುಟ್ಟಿದರು, ಏಳಲಿಲ್ಲ. ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು, ಏಳಲಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆದರು. ಕಾಲು ಎಳೆದುಕೊಂಡು ಮತ್ತೆ ಮಲಗಿತು. ಅವರು ನನ್ನ ಕಡೆ ತಿರುಗಿದರು. ಯು ಡಿಡ್ ನಾಟ್ ಗಿವ್ ಹಿಮ್ ಎನಿಥಿಂಗ್ ಎಂದು ಕೇಳಿದರು.

ಗಿವ್ ಗೊತ್ತಿತ್ತು. ನಾಟ್ ಗೊತ್ತಿತ್ತು. ನೀನು ಇದಕ್ಕೆ ಏನೂ ಕೊಟ್ಟಿಲ್ಲ ತಾನೇ? ಹಾಲು ಬಿಟ್ಟು ಏನು ಕೊಡಲಿ? ಕೊಟ್ಟಿರಲಿಲ್ಲ.

“ಯೆಸ್, ಮೇಡಂ” ಎಂದೆ.

ಅವರ ಮುಖ ಸುಣ್ಣದ ಹಾಗಾಯಿತು. ಒಂದೊಂದೇ ಶಬ್ದ ಬಿಡಿಸಿ ಮತ್ತೆ ಅದನ್ನೇ ಕೇಳಿದರು. ಪಾಪ, ಹೆದರಿದ್ದಾರೆ, ಧೈರ್ಯ ಹೇಳಬೇಕು ಅಂತ ನಾನು ಇನ್ನೂ ಜೋರಾಗಿ ತಲೆ ಆಡಿಸಿ, ಯೆಸ್ ಮೇಡಂ, ಯೆಸ್, ಯೆಸ್ ಎಂದೆ. ಅವರು ನನ್ನನ್ನು ಗೋಡೆಗೆ ನೂಕಿ ಕೂಸನ್ನು ಎತ್ತಿಕೊಂಡು ಫೋನಿನ ಹತ್ತಿರ ಓಡಿದರು. ಅಷ್ಟು ದಿನದಲ್ಲಿ ಅವರು ನನ್ನ ಮೈ ಮುಟ್ಟಿದ್ದು ಅದೇ ಮೊದಲು.

ಫೋನಿನಲ್ಲಿ ಓಪಿಯಮ್ ಎಂದು ಎರಡು ಸಲ ಅಂದರು. ನನಗೆ ಇಂಗ್ಲಿಷ್ ಬಾರದು, ಆದರೆ ಅಫೀಮು ಎಲ್ಲ ಭಾಷೆಯಲ್ಲೂ ಅಫೀಮೇ. ಇವರ ಕೂಸಿಗೆ ನಾನು ಅಫೀಮು ಕೊಟ್ಟೆ ಅಂತ ಯಾರು ಹೇಳಿದರು? ಹೇಳಿದವಳು ನಾನೇ ಅಂತ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಬಂದರು. ರೆಪ್ಪೆ ಎತ್ತಿ ನೋಡಿದರು, ಕೂಸು ಎದ್ದು ಮನೆ ಹಾರಿ ಹೋಗುವ ಹಾಗೆ ಅತ್ತಿತು. ಅವರಿಗೆ ಏನೂ ಕಾಣಲಿಲ್ಲವಂತೆ. ಆದರೂ ಆಯಾನೇ ಒಪ್ಪಿಕೊಂಡ ಮೇಲೆ ನಾನು ಇಲ್ಲ ಅನ್ನುವುದು ಹೇಗೆ ಎಂದರಂತೆ. ಇದನ್ನೆಲ್ಲ ಆಮೇಲೆ ಅಡುಗೆಯವನು ಹೇಳಿದ. ಆಗ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಡಾಕ್ಟರು ಹೋದ ಮೇಲೆ ಮೇಡಂ ಗಂಡನಿಗೆ ಫೋನ್ ಮಾಡಿದರು. ಪೊಲೀಸ್ ಅನ್ನುವ ಶಬ್ದ ಅದರಲ್ಲಿತ್ತು. ಸಾಹೇಬ ಬರುವವರೆಗೆ ನಾನು ಅಡುಗೆಮನೆಯ ನೆಲದಲ್ಲಿ ಕೂತಿರಬೇಕು ಎಂದು ಬೆರಳು ತೋರಿಸಿದರು.

ಅಷ್ಟರಲ್ಲಿ ಅಡುಗೆಯವನು ಚೀಲ ಹಿಡಿದುಕೊಂಡು ಬಂದ. ಮೇಡಂ ಹೇಳಿದ್ದನ್ನು ಕೇಳಿ ಅವನೂ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದ.

“ಎಂತ ಕೊಟ್ಟೆ ನೀನು ಮಗುವಿಗೆ?”

“ಏನೂ ಕೊಟ್ಟಿಲ್ಲೋ ಅಣ್ಣಾ. ನನ್ನ ಮಗಳ ಆಣಿ.”

“ಮತ್ತೆ ಯೆಸ್ ಅಂತ ಯಾಕೆ ಹೇಳಿದ್ದು?”

“ಕೊಟ್ಟಿಲ್ಲಲ್ಲ ಅಂತ ಕೇಳಿದ್ರು. ಹೌದು ಅಂದ್ನಿ. ಇನ್ನೇನ ಅನ್ಲಿ?”

ಅವನು ಚೀಲ ನೆಲಕ್ಕಿಟ್ಟು ಹಣೆ ಚಚ್ಚಿಕೊಂಡ. “ಪ್ರಶ್ನೆಗೆ ಹೌದು ಹೇಳುವುದು ನಮ್ಮ ಕ್ರಮ ಮಾರಾಯ್ತಿ. ಅವರದ್ದು ಹಾಗಲ್ಲ. ಕೊಟ್ಟದ್ದಾದ್ರೆ ಯೆಸ್, ಕೊಡದಿದ್ರೆ ನೋ. ಅವರು ಹೇಗೆ ತಿರುಗಿಸಿ ಕೇಳಿದ್ರೂ ಅಷ್ಟೇ.”

ನನಗೆ ಇದು ನಂಬಲಿಕ್ಕೇ ಆಗಲಿಲ್ಲ. ನೀರು ಬರಲಿಲ್ಲೇನು ಅಂತ ಅತ್ತೆ ಕೇಳಿದರೆ ಹೂಂ, ಬರಲಿಲ್ಲ ಅನ್ನುತ್ತೇವೆ. ಊಟ ಆಗಿಲ್ಲೇನು ಅಂದರೆ ಹೌದು, ಆಗಿಲ್ಲ ಅನ್ನುತ್ತೇವೆ. ಕೇಳಿದವರ ಮಾತು ಖರೆ ಇದ್ದರೆ ಹೌದು ಅನ್ನಬೇಕು. ಅವರ ಮಾತು ಖರೆ ಇದ್ದಾಗಲೂ ಮುಖದ ಮೇಲೆ ನೋ ಅನ್ನುವ ಜನ ಇದ್ದಾರೆ, ಹಾಗೆ ಅನ್ನದಿದ್ದರೆ ಪೊಲೀಸರಿಗೆ ಕೊಡುತ್ತಾರೆ ಅಂದರೆ ಏನು ಹೇಳುವುದು?

ಅವನು ಮೇಡಂಗೆ ವಿವರಿಸಿದ. ಅವರು ನಂಬಲಿಲ್ಲ. ಇಲ್ಲ ಅನ್ನುವುದಕ್ಕೆ ಯಾರಾದರೂ ಯೆಸ್ ಅನ್ನುತ್ತಾರೆಯೇ, ನೀವಿಬ್ಬರೂ ಒಂದೇ ಊರಿನವರು ಎಂದರು. ಆಗ ಅವನು, ನಿಮಗೇ ಉತ್ತರ ಗೊತ್ತಿರುವುದನ್ನು ನಾಟ್ ಹಾಕಿ ಕೇಳಿ ನೋಡಿ, ನಾನು ಬಾಯಿ ತೆರೆಯುವುದಿಲ್ಲ ಎಂದ. ನನಗೆ ಕನ್ನಡದಲ್ಲಿ ಇಷ್ಟೇ ಹೇಳಿದ: “ಅವರು ಏನು ಕೇಳ್ತಾರೋ, ನಿನ್ನ ಬಾಯಿಗೆ ಬಂದ ಹಾಗೆ ಹೇಳು.”

ಮೇಡಂ ಕೂಸನ್ನು ಎದೆಗೆ ಒತ್ತಿಕೊಂಡು ನನ್ನ ಎದುರಿಗೆ ಬಂದರು. ನಂತರ, ಯು ಡು ನಾಟ್ ಹ್ಯಾವ್ ಎ ಮೋಟರ್ ಕಾರ್ ಎಂದರು.

ನಿನಗೆ ಮೋಟರ್ ಕಾರ್ ಇಲ್ಲ ತಾನೇ? ಎಲ್ಲಿಂದ ಬರಬೇಕು!

“ಯೆಸ್, ಮೇಡಂ.”

ಯು ಹ್ಯಾವ್ ನಾಟ್ ಗಾನ್ ಟು ಲಂಡನ್?

“ಯೆಸ್, ಮೇಡಂ.”

ಅವರು ಕುರ್ಚಿಗೆ ಕೂತರು. ಅಡುಗೆಯವನು ನಕ್ಕ, ನಾನು ನಗಲಿಲ್ಲ. ಮೇಡಂ ಫೋನ್ ಮಾಡಿ ಸಾಹೇಬನಿಗೆ ಏನೋ ಹೇಳಿದರು. ಸಾರಿ ಎಂದು ನನ್ನ ಕೈ ಹಿಡಿದರು. ಗೋಡೆಗೆ ಬಡಿದ ನನ್ನ ಮೊಣಕೈ ಉರಿಯುತ್ತಿತ್ತು.

ಅಡುಗೆಯವನಿಗೆ ಗೆದ್ದ ಹುಮ್ಮಸ್ಸು. ಈ ಊರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು ಕೂಸು ಅಳದಿರಲಿ ಅಂತ ಅಫೀಮಿನ ಗೋಳಿ ಕೊಡುವುದುಂಟು, ಆದರೆ ಇವಳು ಅಂಥವಳಲ್ಲ ಎಂದು ಮೇಡಂಗೆ ಹೇಳಿ, ಹಾಗೆ ಹೇಳಿದೆ ಎಂದು ನನಗೂ ಹೇಳಿದ. ಮೇಡಂ ನನ್ನ ಕೈ ಬಿಡದೆ ಮೆಲ್ಲಗೆ ಕೇಳಿದರು: ನಿನ್ನ ಮಗಳಿಗೂ ನೀನು ಕೊಡುವುದಿಲ್ಲ ಅಲ್ಲವೇ? ಅದರಲ್ಲೂ ಗಿವ್ ಇತ್ತು, ನಾಟ್ ಇತ್ತು.

ನಾವು ಕೊಡುತ್ತಿದ್ದೆವು. ಬಾಲಗೋಳಿ ಅನ್ನುತ್ತಿದ್ದರು. ಸಾಸಿವೆಗಿಂತ ತುಸು ದೊಡ್ಡದು, ದಿನಕ್ಕೆ ಒಂದೇ, ತಾಯಿಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುವುದು. ಬೈಕುಲ್ಲಾದಿಂದ ಡಬ್ಬಿ ತಂದವಳು ನಾನೇ. ಚಾಳಿನಲ್ಲಿ ಎಲ್ಲರೂ ಕೊಡುತ್ತಿದ್ದರು, ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಆದರೆ ಅವತ್ತು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೊಟ್ಟದ್ದಾದರೆ ಯೆಸ್ ಅಂತ ಈಗ ತಾನೇ ಕಲಿತಿದ್ದೆನಲ್ಲ, ಅವರ ಕ್ರಮದಲ್ಲೇ ಹೇಳಿದೆ.

“ಯೆಸ್, ಮೇಡಂ.”

ಮೇಡಂ ನಕ್ಕು ನನ್ನ ಭುಜ ತಟ್ಟಿದರು. ಅಡುಗೆಯವನೂ ನೋಡಿದಿರಾ ಎಂಬಂತೆ ತಲೆ ಆಡಿಸಿದ. ಕೊಡುತ್ತೇನೆ ಎಂದೆ ನಾನು; ಕೊಡುವುದಿಲ್ಲ ಎಂದು ಕೇಳಿಸಿಕೊಂಡರು ಅವರು. ನನ್ನ ಯೆಸ್ ಅಂದರೆ ಇಲ್ಲ ಅಂತ ಅವರು ಅಷ್ಟರಲ್ಲಿ ಕಲಿತುಬಿಟ್ಟಿದ್ದರು. ಬಿಡಿಸಿ ಹೇಳಬಹುದಿತ್ತು, ಪಕ್ಕದಲ್ಲೇ ಅಡುಗೆಯವನಿದ್ದ. ಹೇಳಲಿಲ್ಲ. ಕೆಲಸ ಹೋಗುತ್ತಿತ್ತು.

ಸಂಜೆ ಖೋಲಿಗೆ ಬಂದೆ. ಮಗಳು ಸೀರೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದಳು. ದಿನಾ ಹಾಗೇ ಮಲಗಿರುತ್ತಿದ್ದಳು, ಶಾಣ್ಯಾ ಕೂಸು ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅವತ್ತು ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ. ಅಂಗಾಲಿಗೆ ಹೊಡೆದೆ. ಮೇಡಂನ ಕೂಸು ಕಾಲಾದರೂ ಎಳೆದುಕೊಂಡಿತ್ತು. ಇವಳ ಕಾಲು ಹೊಡೆದಲ್ಲೇ ಇತ್ತು.

“ಇವತ್ತ ಗೋಳಿ ಜಾಸ್ತಿ ಕೊಟ್ಟಿಲ್ಲಲ್ರಿ ಅತ್ತಿ?”

“ಇಲ್ಲವಾ, ಎರಡ ಕೊಟ್ಟೀನಿ” ಎಂದರು ಅತ್ತೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. “ಹಲ್ಲ ಬರಾಕತ್ತಾವ, ಭಾಳ ಕಿರಿಕಿರಿ ಮಾಡ್ತು. ಎಬ್ಬಸಬ್ಯಾಡ.”

ಎಬ್ಬಿಸಿದೆ. ತಣ್ಣೀರು ಹಾಕಿ, ಕೆನ್ನೆಗೆ ಹೊಡೆದು ಎಬ್ಬಿಸಿದೆ. ಕಣ್ಣು ಬಿಟ್ಟು ಸಣ್ಣಗೆ ಅಳುವ ಹೊತ್ತಿಗೆ ಅತ್ತೆ ಎರಡು ರೊಟ್ಟಿ ಬೇಯಿಸಿ ಇಳಿಸಿದ್ದರು. ನಾನು ಉಣ್ಣಲಿಲ್ಲ. ಹುಚ್ಚಿ ಅಂದರು, ಅನ್ನಲಿ.

ಮರುದಿನ ಬೆಳಿಗ್ಗೆ ಗೋಳಿಯ ಡಬ್ಬಿಯನ್ನು ಚಾಳಿನ ಸಂಡಾಸಿನಲ್ಲಿ ಸುರುವಿ, ಮಗಳನ್ನು ಸೀರೆಯ ತುಂಡಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಅವಳು ಅಳುತ್ತಿದ್ದ ಹಾಗೇ ಲೋಕಲ್ ಹತ್ತಿ ಕೊಲಾಬಾಕ್ಕೆ ಹೋದೆ.