ಗಂಗತ್ತೆಯ ಅಂಗೈ

ನಮ್ಮ ಗಂಗತ್ತೆ ಯಾವುದನ್ನೂ ಮುಟ್ಟಿ ನೋಡದೆ ನಂಬುತ್ತಿರಲಿಲ್ಲ. ಅವಳನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮಡಿಯುಟ್ಟು ಹೊರಬಂದಳೆಂದರೆ ನಾವು ಮಕ್ಕಳೆಲ್ಲ ಹಲ್ಲಿಗಳ ಹಾಗೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಒಲೆಯ ಮೇಲಿನ ಹಂಚು, ಈದ ಎಮ್ಮೆಯ ಕೆಚ್ಚಲು, ಕಾಳಿನ ಚೀಲ, ಎಲ್ಲದರ ಮೇಲೂ ಅಂಗೈಯಿಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುವಳು. ನಮ್ಮ ಹಣೆಗಳು ಮಾತ್ರ ಆ ಅಂಗೈಗೆ ದೂರ.

ಯಾರೇ ಕಷ್ಟ ಹೇಳಿಕೊಂಡು ಬರಲಿ, ಅವಳದು ಒಂದೇ ಪ್ರಶ್ನೆ: "ಯಾವಾಗ ಆಗ್ತದ ಅನ್ನೂದು ಬಿಡು. ಯಾವಾಗ ಆಗೂದಿಲ್ಲ, ಅದನ್ನ ಹೇಳು."

ಚಿಕ್ಕಂದಿನಲ್ಲಿ ನನಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು.

"ರವಿವಾರ ನೋಯ್ತದೇನು?" ಎಂದಳು.

"ಇಲ್ಲತ್ತಿ."

"ಹಂಗಾರ ಅದು ಹೊಟ್ಟೀ ಬ್ಯಾನಿ ಅಲ್ಲ, ಸಾಲೀ ಬ್ಯಾನಿ. ಏಳು!"

ಡಯಾಗ್ನೋಸಿಸ್ ಎಂಬ ಶಬ್ದವನ್ನು ನಾನು ಕಲಿತದ್ದು ಬಹಳ ವರ್ಷಗಳ ಮೇಲೆ, ಮೆಡಿಕಲ್ ಕಾಲೇಜಿನಲ್ಲಿ. ಆನೆಸ್ಟ್ಲಿ, ಅಷ್ಟರಲ್ಲಿ ನನಗೆ ಅದು ಹಳೆಯ ಪಾಠ.

ನಿಜಾಮರ ಕಾಲ ಮುಗಿಯುತ್ತ ಬಂದಿದ್ದ ವರ್ಷಗಳವು. ಅಪ್ಪ ಸುರಪುರದಲ್ಲಿ ವಕೀಲ. ಗಂಗತ್ತೆ ಅವನ ಅಕ್ಕ, ಗಂಡ ತೀರಿದ ಮೇಲೆ ತವರಿಗೆ ಬಂದು ಮನೆಯ ಕೀಲಿಕೈ ಹಿಡಿದವಳು. ಅಪ್ಪ ಅಜ್ಜನ ಜೊತೆ ಜಗಳಾಡಿ ನನ್ನನ್ನು ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗ್‌ಗೆ ಹಾಕಿದ್ದ. ರಜೆ ಮುಗಿದಾಗ ನನ್ನನ್ನು ಶಹಾಪುರದ ಮೇಲೆ ಹಾದು ಯಾದಗಿರಿಯ ಸ್ಟೇಷನ್ನಿಗೆ ಮುಟ್ಟಿಸುವುದು ಗಂಗತ್ತೆಯ ಕೆಲಸ. ನಮಗೊಂದು ಸೆಕೆಂಡ್ ಹ್ಯಾಂಡ್ ಕಪ್ಪು ಮೋಟಾರು ಇತ್ತು, ಅದನ್ನು ನಡೆಸಲು ಮೆಹಬೂಬ ಇದ್ದ.

ಆ ಮೋಟಾರಿಗೊಂದು ವಿಚಿತ್ರ ರೋಗ ಹತ್ತಿತು. ಅಪ್ಪ ಕಕ್ಷಿದಾರರನ್ನೂ ಜೋಳದ ಚೀಲಗಳನ್ನೂ ತುಂಬಿಕೊಂಡು ಯಾದಗಿರಿಗೆ ಹೋದರೆ ತಣ್ಣಗೆ ಹೋಗಿ ತಣ್ಣಗೆ ಬರುವುದು. ನಾನೂ ಗಂಗತ್ತೆಯೂ ಕೂತರೆ ಶಹಾಪುರದ ಗುಡ್ಡ ದಾಟುವುದರೊಳಗೆ ಕುದಿದು ಹಬೆಯೆಬ್ಬಿಸುವುದು. ಹೀಗೆ ರೈಲು ತಪ್ಪಿ ತಪ್ಪಿ, ಇನ್ನೊಮ್ಮೆ ತಡವಾದರೆ ಹೆಸರು ತೆಗೆಯುವುದಾಗಿ ಮದರ್ ಸುಪೀರಿಯರ್ ಹೇಳಿಬಿಟ್ಟರು. ಅಜ್ಜನಿಗೆ ಬೇಕಾದದ್ದೂ ಅದೇ.

"ಗಂಡಸರು ಕುಂತ್ರ ಕುದಿಯೂದಿಲ್ಲ, ಹೆಣ್ಣುಮಕ್ಕಳು ಕುಂತ್ರ ಕುದೀತದ. ಗಾಡಿಗೇ ತಿಳೀತದ, ನಿಮಗ ತಿಳೀವಲ್ದು. ಈ ಸರ್ತಿ ಕುದೀತೋ, ಹುಡುಗೀನ್ನ ಹೊಳ್ಳಿ ಕರಕೊಂಡು ಬರ್ರಿ. ಸಾಕು ಇಂಗ್ಲಿಷ್ ಸಾಲಿ."

ಆ ಸಲವೂ ಕುದಿಯಿತು. ಶಹಾಪುರ ದಾಟಿದ್ದೆವು, ಸುತ್ತ ಕಾದ ಬಂಡೆಗಳು, ಒಂದು ಬೇವಿನ ಗಿಡ. ನಾನು ಟ್ರಂಕಿನ ಮೇಲೆ ಕೈಯಿಟ್ಟು ಅಳುತ್ತಿದ್ದೆ. ಇಂಜಿನ್ನು ಆರಿದ ಮೇಲೆ ಮೆಹಬೂಬ ಗೋಣಿಪಟ್ಟಿ ಹಿಡಿದು ಮುಚ್ಚಳ ತೆಗೆದು, ತನ್ನ ಛಾಗಲ್ಲಿನ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು, ಖಾಲಿ ಛಾಗಲ್ಲನ್ನು ಮತ್ತೆ ಅದರ ಜಾಗಕ್ಕೇ ಕಟ್ಟಿದ. ಛಾಗಲ್ ಎಂದರೆ ನೀರು ತುಂಬುವ ಕ್ಯಾನ್ವಾಸಿನ ಚೀಲ. ಗಾಳಿಗೆ ನೀರು ತಂಪಾಗಲಿ ಎಂದು ಆಗ ಎಲ್ಲರೂ ಮೋಟಾರಿನ ಮುಂದೆಯೇ ಕಟ್ಟುತ್ತಿದ್ದರು.

"ಎಲ್ಲಾ ನೋಡೀನ್ರಿ ಅಕ್ಕಾರ," ಎಂದ. "ಫ್ಯಾನಿನ ಪಟ್ಟಾ ಹೊಸಾದು, ಪೈಪ್ ಹೊಸಾದು, ರೇಡಿಯೇಟರ್ ಬಿಚ್ಚಿ ತೊಳದೀನಿ. ಖುದಾ ಕಸಂ, ನನ್ನ ಅಕಲ್ ಖಲಾಸ್."

ಗಂಗತ್ತೆ ಕೆಳಗಿಳಿದಳು. "ಯಾವಾಗ ಕುದಿಯೂದಿಲ್ಲ, ಅದನ್ನ ಹೇಳು."

"ಸಾಹೇಬ್ರು ಬಂದಾಗ."

"ಆವಾಗ ಏನಿರೂದಿಲ್ಲ?"

"ನೀವಿರೂದಿಲ್ರಿ."

"ನಾ ಅಷ್ಟು ಭಾರ ಇದ್ದೀನೇನೋ, ಭಾಡ್ಯಾ?"

"ತೋಬಾ, ತೋಬಾ! ಜ್ವಾಳದ ಚೀಲಾ ನಿಮಗಿಂತ ಭಾರ ಅದಾವ್ರಿ."

"ಮತ್ತೇನಿರೂದಿಲ್ಲ? ವಿಚಾರ ಮಾಡಿ ಹೇಳು."

ಮೆಹಬೂಬ ತಲೆ ಕೆರೆದುಕೊಂಡ. ನೆಲ ನೋಡಿದ. "ಛಾಗಲ್ ಒಂದೇ ಇರ್ತದ್ರಿ. ನಂದು."

"ಮತ್ತ ನಮ್ಮ ತಮ್ಮ ನೀರು ಎಲ್ಲಿ ಕುಡೀತಾನ?"

ಮೆಹಬೂಬನ ಕಣ್ಣು ತನ್ನ ಛಾಗಲ್ಲಿನ ಕಡೆಗೆ ಹೋಯಿತು. ಅಪ್ಪ ಕುಡಿಯುತ್ತಿದ್ದುದು ಅದರಿಂದಲೇ ಎಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಗಂಗತ್ತೆ ಮೋಟಾರಿನ ಮುಂದೆ ಬಂದು ನಿಂತಳು. ಅಲ್ಲಿ ರೇಡಿಯೇಟರಿನ ಜಾಲರಿಗೆ ಅಡ್ಡವಾಗಿ ಕಟ್ಟಿದ ಬಿದಿರುಗಳಕ್ಕೆ ನಮ್ಮ ಛಾಗಲ್ಲುಗಳು ಸಾಲಾಗಿ ತೂಗುತ್ತಿದ್ದವು. ಒಂದು ಅವಳ ಮಡಿಯದು. ಒಂದು ಮೆಹಬೂಬನದು. ಮತ್ತೊಂದು ನನ್ನದು, ಏಕೆಂದರೆ ಬೋರ್ಡಿಂಗ್‌ನಲ್ಲಿ ಎಲ್ಲರ ಜೊತೆ ಉಂಡು ಬಂದವಳು ನಾನು. ನನ್ನ ನೀರನ್ನು ಅವಳು ಮುಟ್ಟುವಂತಿರಲಿಲ್ಲ, ಮೆಹಬೂಬನದನ್ನು ನಾವಿಬ್ಬರೂ ಮುಟ್ಟುವಂತಿರಲಿಲ್ಲ.

"ಚಾಲೂ ಮಾಡು," ಎಂದಳು.

ಇಂಜಿನ್ನು ಗುರುಗುಟ್ಟಿತು. ಸೆರಗಿನ ತುದಿಯನ್ನು ಛಾಗಲ್ಲುಗಳ ಮುಂದೆ ಹಿಡಿದಳು. ಅಲುಗಲಿಲ್ಲ. ಆಮೇಲೆ ಛಾಗಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಳು, ತನ್ನದು, ನನ್ನದು, ಮೆಹಬೂಬನದು, ಮೂರನ್ನೂ ತನ್ನ ಕೈಯಿಂದಲೇ. ಮತ್ತೆ ಸೆರಗು ಹಿಡಿದಳು. ಒಳಗಿನ ಫ್ಯಾನು ಎಳೆದ ಗಾಳಿಗೆ ಅದು ಚಟ್ಟನೆ ಹಾರಿ ಜಾಲರಿಗೆ ಅಂಟಿಕೊಂಡಿತು.

"ನೋಡಿದೇನು?" ಎಂದಳು. "ಒಲೀ ಬಾಯಿಗೆ ಹಲಗಿ ಇಟ್ಟು ಹೊಗಿ ಯಾಕ ಅಂತ ಕೇಳಿದಂಗಾತು. ಒಬ್ಬೊಬ್ರ ಮಡೀ ಒಂದೊಂದು ಚೀಲ ಆಗಿ ಇದರ ಮೂಗು ಮುಚ್ಚಿ ಕುಂತದ."

ರೇಡಿಯೇಟರ್ ಇನ್ನೂ ತುಂಬಿರಲಿಲ್ಲ. ಅವಳು ತನ್ನ ಛಾಗಲ್ ಎತ್ತಿ ಮೆಹಬೂಬನ ಕೈಗೆ ಕೊಟ್ಟಳು.

ಅವನು ಹಿಂಜರಿದ. "ನಿಮ್ಮ ಮಡೀ ನೀರ್ರಿ ಇದು. ಸಣ್ಣ ಅಕ್ಕಾರದು ಹಾಕ್ತೀನಿ."

"ಅಕೀಗೆ ದೂರದ ದಾರಿ ಅದ. ನಂದು ಹಾಕು."

ಉಳಿದದ್ದು ನನ್ನ ಛಾಗಲ್ ಒಂದೇ. ಅದನ್ನು ಪಕ್ಕದ ಸ್ಟೆಪ್ನಿಗೆ ಕಟ್ಟಿದೆವು. ಮೋಟಾರು ಓಡಿತು. ಕುದಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಗಂಗತ್ತೆ ಗಾಡಿ ನಿಲ್ಲಿಸಲು ಹೇಳಿ ನನ್ನತ್ತ ಬೊಗಸೆ ಒಡ್ಡಿದಳು. "ನೀರಡಿಸೇದ. ಹಾಕು."

ನಾನು ಛಾಗಲ್ ಎತ್ತಿ ಸುರಿದೆ. ಕುಡಿದಳು. "ಮೆಹಬೂಬಗೂ ಹಾಕು," ಎಂದಳು.

ಯಾದಗಿರಿಯ ಸ್ಟೇಷನ್ನಿನಲ್ಲಿ ಸಿಗ್ನಲ್ ಇನ್ನೂ ಬಿದ್ದಿರಲಿಲ್ಲ, ರೈಲು ಬರಲು ಹೊತ್ತಿತ್ತು. ಎಂಥ ಹೆಮ್ಮೆ ನನಗೆ! ಡಬ್ಬಿಯ ಕಿಟಕಿಯಲ್ಲಿ ಕೂತು, ಪ್ಲಾಟ್‌ಫಾರ್ಮಿನಲ್ಲಿ ಬಿಗಿದ ಮೋರೆಯಿಂದ ನಿಂತಿದ್ದ ಆ ಹೆಂಗಸನ್ನು ಪಕ್ಕದವರಿಗೆಲ್ಲ ತೋರಿಸಿ "ನಮ್ಮತ್ತಿ, ನಮ್ಮತ್ತಿ" ಎಂದೆ. ಮನೆಗೆ ಮರಳಿ ಅಜ್ಜನಿಗೆ ಅವಳು ಹೇಳಿದ್ದನ್ನು ಮೆಹಬೂಬ ಆಮೇಲೆ ನನಗೆ ಅಭಿನಯಿಸಿ ತೋರಿಸಿದ: "ಅಪ್ಪಾ, ಗಾಡಿ ಕುದಿಸಿದ್ದು ಹೆಣ್ಣುಮಕ್ಕಳಲ್ಲ, ನನ್ನ ಛಾಗಲ್. ಇವತ್ತ ನಿನ್ನ ಮೊಮ್ಮಗಳ ನೀರು ಕುಡದೀನಿ. ಸತ್ತಿಲ್ಲ." ಅಜ್ಜ ಆಮೇಲೆ ಮೋಟಾರಿನ ವಿಷಯವನ್ನೂ ಸಾಲೆಯ ವಿಷಯವನ್ನೂ ಎತ್ತಲಿಲ್ಲ.

ಮನೆಯಲ್ಲಿ ಅವಳ ಮಡಿಯೇನೂ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ನಾವು ಗೋಡೆಗೆ ಅಂಟುವುದು ತಪ್ಪಲಿಲ್ಲ. ಆ ಹಾದಿಯಲ್ಲಿ ಮಾತ್ರ, ನನ್ನ ಓದು ಮುಗಿಯುವವರೆಗೆ, ಛಾಗಲ್ ಒಂದೇ.

ನಾನು ಡಾಕ್ಟರಾಗಿ ನನ್ನದೇ ಕಾರನ್ನು ನಾನೇ ಓಡಿಸಿಕೊಂಡು ಸುರಪುರಕ್ಕೆ ಹೋದಾಗ ಅವಳ ಕಣ್ಣು ಮಂಜಾಗಿತ್ತು. ಹೊರಡುವ ಮುಂಜಾನೆ, ಮಿಂದು ಮಡಿಯ ಒದ್ದೆ ಸೀರೆಯಲ್ಲೇ ಹೊರಗೆ ಬಂದಳು. ಕಾರನ್ನು ಸವರುತ್ತ ಮುಂದಕ್ಕೆ ಹೋಗಿ ಜಾಲರಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

"ಇಲ್ಲಿ ಏನೂ ಕಟ್ಟಿಲ್ಲಲ್ಲ?"

"ಏನೂ ಇಲ್ಲತ್ತಿ."

ನಾನು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಬಿಡಲಿಲ್ಲ. ಗಾಳಿಯಲ್ಲಿ ತಡಕಾಡಿ ನನ್ನ ಹಣೆಯನ್ನು ಹುಡುಕಿ, ಅದರ ಮೇಲೂ ಅಂಗೈ ಇಟ್ಟು ಒಂದು ಗಳಿಗೆ ನಿಂತಳು.

"ಎರಡೂ ತಣ್ಣಗ ಅದಾವ," ಎಂದಳು. "ಹೋಗು. ಎಲ್ಲೂ ನಿಂದರಬ್ಯಾಡ."

ಮುಂದಿನ ಸಲ ನಾನು ಬರುವಷ್ಟರಲ್ಲಿ ಅವಳಿರಲಿಲ್ಲ. ಆದರೆ ಆ ದಿನ, ಯಾದಗಿರಿ ಮುಟ್ಟುವವರೆಗೂ, ನಾನು ಎಲ್ಲೂ ನಿಲ್ಲಲಿಲ್ಲ.