ಗಿಟಾರುಗಳಿಗೆಲ್ಲ ಹೆಸರಿತ್ತು

ಕೆಲಸದ ಮೇಲೆ ಗೋಕಾಕದಿಂದ ಸಂಕೇಶ್ವರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕೂತವನೇ ಪುಸ್ತಕ ತೆಗೆದೆ. ಕಾಲೇಜಿನಿಂದಲೂ ನಾನು ಹುಚ್ಚು ಹಿಡಿದವನಂತೆ ಕೇಳುತ್ತ ಬಂದ ರಾಕ್ ಗಾಯಕನ ಆತ್ಮಕಥೆ ಅದು. ಮುಖಪುಟದಲ್ಲಿ ಅವನ ಉದ್ದ ಕೂದಲು ನೋಡಿ ಬಾಜೂ ಕೂತಿದ್ದ ಅಜ್ಜಿ ಕೇಳಿದರು: "ಯಾರೋ ತಮ್ಮಾ ಇಂವಾ, ಸಾಧುನ?"

"ಅಲ್ರಿ ಆಯಿ, ಹಾಡಾಂವ. ತನ್ನ ಕತಿ ತಾನ ಬರದಾನ."

"ನನಗೂ ಅಷ್ಟು ಹೇಳು. ಹುಕ್ಕೇರಿ ಬರೂತನಕ ಹೊತ್ತು ಹೋಗತೈತಿ."

ಅವನ ಬಡತನ, ಮೊದಲ ಹಾಡು ಎಲ್ಲ ಹೇಳಿದೆ. ಕುಡಿತದ ಪುಟಗಳನ್ನು ಮೆಲ್ಲಗೆ ಹಾರಿಸಿದೆ. ಮೆಚ್ಚಿದವನ ಮಾನ ಬಸ್ಸಿನಲ್ಲಿ ಯಾಕೆ ಕಳೆಯಬೇಕು? ಅವನು ತನ್ನ ಗಿಟಾರುಗಳಿಗೆಲ್ಲ ಹೆಣ್ಣುಮಕ್ಕಳ ಹೆಸರಿಟ್ಟು ಮುದ್ದು ಮಾಡುತ್ತಿದ್ದ ಅಂದಾಗ ಆಯಿ ನಕ್ಕರು.

"ಲಗ್ನ ಆಗಿತ್ತೇನು?"

"ಹೂನ್ರಿ."

"ಹೇಣ್ತಿ ಹೆಸರೇನು?"

ಪುಟ ತಿರುವಿ ತಿರುವಿ ನೋಡಿದೆ. ಎಲ್ಲ ಕಡೆ 'ನನ್ನ ಮೊದಲ ಹೆಂಡತಿ' ಅಂತಷ್ಟೇ ಇತ್ತು. "ಬರದಿಲ್ರಿ" ಅಂದೆ, ತಪ್ಪು ನನ್ನದೇ ಎಂಬಂತೆ.

"ಚಲೋ ಹಾಡತಾನೇನು?"

"ಭಾಳ ಚಲೋ ಹಾಡತಾನ್ರಿ."

"ಹಾಡದ ಏನ್ ಮಾಡ್ತಾನ? ಮನಿ ನೋಡಾಕ ಆಕಿ ಇದ್ಲಲ್ಲ" ಎಂದು ಆಯಿ ಚೀಲ ಎತ್ತಿಕೊಂಡು ಹುಕ್ಕೇರಿಯಲ್ಲಿ ಇಳಿದರು.

ಬಸ್ಸು ಹೊರಟಿತು. ನನಗೆ ಅವನ ಮೇಲೆ ಖರೇನೇ ಸಿಟ್ಟು ಬಂದಿತ್ತು. ಅಷ್ಟು ದಪ್ಪ ಪುಸ್ತಕದಲ್ಲಿ ಆಕೆಯ ಹೆಸರೊಂದು ಬರೆಯಬಹುದಿತ್ತಲ್ಲ ಎಂದು ಗೊಣಗುತ್ತಿರುವಾಗಲೇ ನನ್ನ ಹೆಂಡತಿಯ ಫೋನು ಬಂತು. ಆಕೆಯ ನಂಬರನ್ನು ನಾನು ಸೇವ್ ಮಾಡಿಕೊಂಡಿದ್ದ ಹೆಸರು ಪರದೆಯ ಮೇಲೆ ಮಿನುಗುತ್ತಿತ್ತು: 'ಮನಿ'.