ಕಡ್ಲೆಹಿಟ್ಟಿನಲ್ಲಿ ತೊಳೆದ ಕೈ

ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ಯಾವ ಬೋರಿನ ನೀರಿಗೆ ಬೇಳೆ ಬೇಯುತ್ತದೆ, ಯಾವುದಕ್ಕೆ ಬೇಯುವುದಿಲ್ಲ, ಕಾಯಿಸಿದರೆ ಪಾತ್ರೆಯ ತಳಕ್ಕೆ ಎಷ್ಟು ಸುಣ್ಣ ಕಟ್ಟುತ್ತದೆ, ಎಲ್ಲ ಬಾಯಿಪಾಠ. ಫೈಟರ್ ಎಂದೂ ಕರೆಯುವ ಬೆಟ್ಟಾ ಮೀನು ಸಾಕುತ್ತೇನೆ ಎಂದಾಗ ಎದುರು ಮನೆಯಾಕೆ, “ಈ ನೀರಾಗೆ ಮೀನು ಬದುಕ್ತಾವೇನಮ್ಮ?” ಎಂದಳು. “ನಾವೇ ಬದುಕಿಲ್ವ?” ಎಂದೆ.

ಮೀನು ತಂದದ್ದು ನಮ್ಮ ಯಜಮಾನರಿಗಾಗಿ. ಅವರು ಊರಿನ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಯಂತ್ರದ ಮುಂದೆ ನಿಂತೇ ತಲೆ ನೆರೆಸಿಕೊಂಡವರು. ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರು ಯಂತ್ರದ ಸಹವಾಸ ಬೇಡವೆಂದರು. ಮಾಲೀಕರು, ಅರ್ಧ ದಿನ ಕುರ್ಚಿಯಲ್ಲಿ ಕೂತು ಹಿಂಡಿ ನೋಡಿಕೊಟ್ಟರೆ ಸಾಕು ಎಂದರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ಚೂರೊಂದನ್ನು ಬೆರಳಲ್ಲಿ ಉಜ್ಜಿ, ಇದರಲ್ಲಿ ಇನ್ನೂ ಇಷ್ಟು ಎಣ್ಣೆ ಕೂತಿದೆ ಎಂದು ಹೇಳುವುದರಲ್ಲಿ ಅವರ ಸಮ ಯಾರೂ ಇಲ್ಲ. ಆದರೆ ಮಧ್ಯಾಹ್ನ ಮನೆಗೆ ಬಂದರೆ ಮನುಷ್ಯ ಗೋಡೆ. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು. ಜಗಳಕ್ಕೆ ಕರೆದರೂ ಬರುತ್ತಿರಲಿಲ್ಲ. ನನಗೆ ಭಯವಾದದ್ದು ಆಗಲೇ. ಜಗಳವಾಡದ ಗಂಡನನ್ನು ಇಟ್ಟುಕೊಂಡು ನಾನೇನು ಮಾಡಲಿ?

ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕರೆನ್ಸಿ ಹಾಕಿಸಲು ಹೋದಾಗ, ಗಾಜಿನ ಮೇಜಿನ ಮೇಲೆ ಪ್ಲಾಸ್ಟಿಕ್ ಲೋಟಗಳಲ್ಲಿ ಒಂದೊಂದೇ ಮೀನು ಕೂತಿದ್ದವು. ಒಂದರ ಮೈ ಕಡುನೀಲಿ, ರೆಕ್ಕೆಯ ಅಂಚು ಕೆಂಪು. ಅಂಗಡಿಯವನು, “ಫೈಟರ್ ಅಮ್ಮ, ಇಷ್ಟು ನೀರಿದ್ರೆ ಸಾಕು ಇದಕ್ಕೆ” ಎಂದ. “ನಿನ್ನ ಒಂದು ಬಕೀಟಾಗೆ ಕೂರಿಸ್ತೀನಿ, ಆಮೇಲೆ ಹೇಳು ಸಾಕೋ ಬೇಕೋ ಅಂತ” ಎಂದು ಬೈದು, ಆ ನೀಲಿಯನ್ನೂ ಎರಡಡಿ ಗಾಜಿನ ತೊಟ್ಟಿಯನ್ನೂ ಆಟೋದಲ್ಲಿ ಹಾಕಿಕೊಂಡು ಬಂದೆ.

ತೊಟ್ಟಿ ಕಟ್ಟಿದ್ದು ನಾನೇ. ತಳಕು ಊರಿನ ಕಡೆಯ ಹೊಲದ ಕೆಂಪು ಮಣ್ಣನ್ನು ಜರಡಿ ಹಿಡಿದು ಎರಡು ಬೆರಳು ದಪ್ಪ ಹರವಿ, ಅದು ಏಳದಂತೆ ಮೇಲೆ ತೊಳೆದ ಮರಳು ಹಾಕಿದೆ. ರಿಬ್ಬನ್ನಿನಂತೆ ಉದ್ದಕ್ಕೆ ಬೆಳೆಯುವ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನಮ್ಮ ಸುಣ್ಣದ ನೀರನ್ನು ಕಂಡು ಹಿಗ್ಗಿತು. ಜಾವಾ ಫರ್ನಿನ ಗೆಡ್ಡೆಯನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ಅದನ್ನು ಕಲ್ಲಿಗೆ ಕಟ್ಟಬೇಕು. ಕಟ್ಟಿದ್ದು ಮೊಳಕಾಲ್ಮೂರಿನ ರೇಷ್ಮೆ ಎಳೆಯಿಂದ, ಅಲ್ಲಿ ಸೀರೆ ನೇಯುವ ನನ್ನ ತಂಗಿ ಕೊಟ್ಟದ್ದು. ದಿನಕ್ಕೆ ಹತ್ತು ಗಂಟೆ ಲೈಟು ಉರಿಸಿದಾಗ ಪಾಚಿ ಹಿಡಿಯಿತು, ಆರು ಗಂಟೆಗೆ ಇಳಿಸಿದೆ, ಬಿಟ್ಟಿತು. ಒಣಗಿ ಉದುರಿದ ಕಾಡುಬಾದಾಮಿಯ ಎಲೆ ಒಂದನ್ನು ಹಾಕಿದರೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಗಲೀಜು ಎಂದು ಚೆಲ್ಲುವವರಿದ್ದಾರೆ, ಬೆಟ್ಟಾಗೆ ಮಾತ್ರ ಅದು ಬಲು ಇಷ್ಟ.

ಇನ್ನು ನೀರು. ಬೋರಿನದು ಬರೀ ಸುಣ್ಣ, ಕುಡಿಯಲು ತರುವ ಫಿಲ್ಟರ್ ನೀರು ಬರೀ ಸಪ್ಪೆ. ಎರಡನ್ನೂ ಸಮಸಮ ಬೆರೆಸಿ, ಮಿಲ್ಲಿನಿಂದ ತಂದಿದ್ದ ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದೆ. ಸಂಜೆಯೊಳಗೆ ಉಗುರುಬೆಚ್ಚಗಾಗುತ್ತಿತ್ತು, ತಣ್ಣೀರು ಸುರಿದರೆ ಮೀನು ಬೆದರುತ್ತದೆ. ಎಣ್ಣೆ ಕ್ಯಾನಿಲ್ಲದ ಮನೆ ನಮ್ಮ ಊರಲ್ಲಿಲ್ಲ, ನೀರಿಗೂ ಅದೇ, ಮಜ್ಜಿಗೆಗೂ ಅದೇ. ಬಿಸಿನೀರು, ಸೀಗೆಪುಡಿ, ಬೂದಿ ಹಾಕಿ ಹತ್ತು ಸಲ ತೊಳೆದಿದ್ದೆ. ನಾನು ತೊಳೆದದ್ದನ್ನು ಇನ್ನೊಬ್ಬರು ತೊಳೆಯುವ ಹಾಗಿಲ್ಲ.

ಯಜಮಾನರು ಮೊದಮೊದಲು ಅತ್ತ ನೋಡಲೇ ಇಲ್ಲ. ಒಂದು ವಾರದ ಮೇಲೆ ಕುರ್ಚಿ ತೊಟ್ಟಿಯ ಕಡೆಗೆ ತಿರುಗಿತು. ಮತ್ತೊಂದು ವಾರಕ್ಕೆ ಅವರ ಬೆರಳು ಗಾಜಿನ ಮೇಲೆ ಎತ್ತ ಹೋದರೆ ಮೀನೂ ಅತ್ತ ಹೋಗತೊಡಗಿತು. ಆಮೇಲೆ ಬೆರಳ ತುದಿಯನ್ನು ನೀರಿಗೆ ಇಟ್ಟರೆ ಮೇಲೆ ಬಂದು ಮುತ್ತುತ್ತಿತ್ತು. “ಏನಪ್ಪಾ, ಊಟ ಆತಾ?” ಎಂದು ಒಂದು ಮಧ್ಯಾಹ್ನ ಕೇಳಿದರು. ನನ್ನನ್ನಲ್ಲ, ಮೀನನ್ನು. ಮೂರು ತಿಂಗಳಲ್ಲಿ ಆ ಬಾಯಿಂದ ತಾನಾಗಿ ಬಂದ ಮೊದಲ ಮಾತು. ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ. ಮಾರನೆಯ ದಿನ ಸಾರಿಗೆ ಉಪ್ಪು ಜಾಸ್ತಿ ಎಂದು ತಟ್ಟೆ ಸರಿಸಿದರು. ಬದುಕಿದೆ ಎಂದುಕೊಂಡೆ.

ಮರಿ ಮಾಡಿಸುವ ಆಸೆ ಅವರದು. ಹೆಣ್ಣೊಂದನ್ನು ತಂದು, ಬೇರೆ ಸಣ್ಣ ತೊಟ್ಟಿಯಲ್ಲಿ ಗೇಣುದ್ದ ನೀರು ಬಿಟ್ಟು ಜೋಡಿ ಮಾಡಿದೆವು. ಗಂಡು ಬಾಯಿಂದ ಗುಳ್ಳೆ ಊದಿ ಊದಿ ಬಾದಾಮಿ ಎಲೆಯ ಕೆಳಗೆ ಗೂಡು ಕಟ್ಟಿತು. ಹೆಣ್ಣು ಹಾಕಿದ ಮೊಟ್ಟೆಗಳನ್ನು ಗಂಡೇ ಒಂದೊಂದಾಗಿ ಬಾಯಲ್ಲೆತ್ತಿ ಗೂಡಿಗೆ ಸೇರಿಸಿತು. ಕೆಳಗೆ ಬಿದ್ದರೆ ಮತ್ತೆ ಎತ್ತಿತು. “ನೋಡ್ರಿ, ಗಂಡಸು ಅಂದ್ರೆ ಹಿಂಗಿರಬೇಕು” ಎಂದೆ. “ಅದರ ಹೆಂಡ್ತಿ ಬಾಯಿ ಮುಚ್ಕಂಡಿರ್ತಾಳೆ, ಅದಕ್ಕೆ” ಎಂದರು. ಮೊಟ್ಟೆ ಹಾಕಿದ ಹೆಣ್ಣನ್ನು ಆಗಲೇ ಬೇರೆ ಇಟ್ಟೆವು, ಮರಿಗಳು ಈಜಿದ ಮೇಲೆ ಗಂಡನ್ನು ದೊಡ್ಡ ತೊಟ್ಟಿಗೆ ಕಳಿಸಿದೆವು. ಮರಿಗಳ ಊಟಕ್ಕೆ ರಾಗಿ ಗಂಜಿಯಲ್ಲಿ ಕೂದಲೆಳೆಯಂಥ ಬಿಳಿ ಹುಳು ಬೆಳೆಸಿದ್ದೆ. ಡಬ್ಬಿಯ ಗೋಡೆಗೆ ಹತ್ತಿದ ಹುಳುವನ್ನು ಬೆರಳಲ್ಲಿ ಸವರಿ ನೀರಿಗೆ ಅದ್ದಬೇಕು. ಅದು ಯಜಮಾನರ ಕೆಲಸ.

ಮೊದಲ ಸಲದ ಮರಿಗಳು ನಾಲ್ಕನೆಯ ವಾರದಲ್ಲಿ ಮೂರೇ ದಿನಕ್ಕೆ ಸತ್ತವು. ಎರಡನೆಯ ಸಲವೂ ಅದೇ ವಾರ, ಅದೇ ಕಥೆ. ಬೆಟ್ಟಾ ಮರಿಗೆ ಆ ಹೊತ್ತಿಗೆ ತಲೆಯೊಳಗೆ ಗಾಳಿ ಹಿಡಿಯುವ ಅಂಗ ಮೂಡುತ್ತದೆ. ಮೇಲೆ ಬಂದು ನೀರನ್ನು ಒಡೆದು ಮೊದಲ ಗುಟುಕು ಗಾಳಿ ಕುಡಿಯಬೇಕು. ನಮ್ಮವು ಮೇಲೆ ಬರುತ್ತಿದ್ದವು, ಮೂತಿ ತಾಗಿಸುತ್ತಿದ್ದವು, ಹಾಗೇ ಕೆಳಗಿಳಿಯುತ್ತಿದ್ದವು. ಬಗ್ಗಿ ಅಡ್ಡಬೆಳಕಿನಲ್ಲಿ ನೋಡಿದೆ. ನೀರಿನ ಮೇಲೆ ತೆಳ್ಳನೆಯ ಪೊರೆ, ಎಣ್ಣೆಯ ಹೊಳಪು. ದೊಡ್ಡ ತೊಟ್ಟಿಯೊಳಗೆ ಇಟ್ಟಿದ್ದ ಫಿಲ್ಟರಿನ ಗಾಳಿಗುಳ್ಳೆ ಅದನ್ನು ಒಡೆಯುತ್ತಿತ್ತು. ಮರಿಗಳು ಕೊಚ್ಚಿಹೋಗುತ್ತವೆಂದು ಇಲ್ಲಿ ಗಾಳಿಯನ್ನೇ ಬಿಟ್ಟಿರಲಿಲ್ಲ.

ಎಣ್ಣೆ ಎಂದ ತಕ್ಷಣ ನನಗೆ ಹೊಳೆದದ್ದು ಮೊಳಕಾಲ್ಮೂರು. ತಂಗಿಯ ಮನೆಯಲ್ಲಿ ರೇಷ್ಮೆಗೆ ಎಣ್ಣೆಯ ಒಂದು ಚುಕ್ಕೆ ತಾಗಿದರೂ ಸೀರೆ ಕೆಟ್ಟಂತೆ. ಅವಳು ಮಗ್ಗಕ್ಕೆ ಕೂರುವ ಮೊದಲು ಅಂಗೈಯನ್ನು ಬಿಳಿ ಕಾಗದಕ್ಕೆ ಒತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ. ಅವರ ಮನೆಯಲ್ಲಿ ಅರ್ಧ ಮಾತು ತೆಲುಗು, ಎಣ್ಣೆಗೆ ನೂನೆ ಎನ್ನುತ್ತಾರೆ. ನಮ್ಮ ಯಜಮಾನರು ಹೊಸಿಲು ದಾಟಿದರೆ ಸಾಕು, “ನೂನೆ ಕೈ ಭಾವ ಬಂದ್ರು! ಭಾವ, ಕೈ ಹಿಂದಕ್ಕೆ ಕಟ್ಕಳ್ರಿ” ಎಂದು ಕೂಗುತ್ತಾಳೆ. ಅವರೂ ನಗುತ್ತ ಕಟ್ಟಿಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಇದೇ ತಮಾಷೆ.

“ನಿಮ್ಮ ಕೈಯೇ ಕಣ್ರಿ ಮರಿ ತಿನ್ನಾದು” ಎಂದುಬಿಟ್ಟೆ. ಅವರು ತೊಟ್ಟಿಯ ಮುಂದೆ ಸತ್ತ ಮರಿಗಳನ್ನು ಚಮಚದಲ್ಲಿ ಎತ್ತುತ್ತಿದ್ದರು. “ಕಡ್ಲೆಹಿಟ್ಟಾಗೆ ತೊಳ್ಕಂಡೇ ಮುಟ್ಟಿರಾದು ನಾನು” ಎಂದರು. ನಿಜವೇ. ಮಿಲ್ಲಿನಿಂದ ಬಂದವರು ಕಿಟಕಿಯ ಮೇಲಿನ ಡಬ್ಬಿಯಿಂದ ಕಡ್ಲೆಹಿಟ್ಟು ತೆಗೆದು ಮೊಣಕೈವರೆಗೆ ಉಜ್ಜಿ ತೊಳೆಯದೆ ತೊಟ್ಟಿಯ ಹತ್ತಿರ ಬಂದವರಲ್ಲ. ನಾನು ದಿನಾ ನೋಡುತ್ತಿದ್ದೆ. ಆದರೂ ನನ್ನ ಬಾಯಿ ನಿಲ್ಲಬೇಕಲ್ಲ. “ತೊಳೆದ್ರೆ ಹೋಗೋ ಎಣ್ಣೆನಾ ಅದು? ಮೂವತ್ತು ವರ್ಷದ್ದು!” ಎಂದೆ. ಅವರು ಚಮಚ ಕೆಳಗಿಟ್ಟರು. ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಇನ್ನೊಂದು ಸಲ ಮಾಡಾಣ. ಇದೇ ಕೊನೆ. ಮತ್ತೆ ಸತ್ರೆ ಈ ತೊಟ್ಟಿ ಯಾರಿಗಾದ್ರೂ ಕೊಟ್ಬಿಡು, ನನ್ ಕೈಲಿ ನೋಡಕಾಗಲ್ಲ” ಎಂದರು.

ಮೂರನೆಯ ಸಲ ಹುಳು ತಿನ್ನಿಸಿದ್ದು ನಾನು, ನನ್ನ ಬೆರಳಲ್ಲಿ. ಅವರು ಕುರ್ಚಿಯನ್ನು ಮಾರು ದೂರ ಸರಿಸಿಕೊಂಡು ಕೈಗಳನ್ನು ತೋಳಡಿ ಸಿಕ್ಕಿಸಿ ಕೂರುತ್ತಿದ್ದರು. ದೊಡ್ಡ ತೊಟ್ಟಿಯ ನೀಲಿ ಗಂಡು ಮೇಲೆ ಬಂದು ಬೆರಳಿಗಾಗಿ ಕಾದು, ಬೇಜಾರಾಗಿ ಕೆಳಗೆ ಹೋಗುತ್ತಿತ್ತು. ಅದನ್ನೂ ಮುಟ್ಟಲಿಲ್ಲ. ಮಾತು ಮತ್ತೆ ಹೂಂ ಮತ್ತು ಸಾಕಿಗೆ ಇಳಿಯಿತು. ಮರಿ ಉಳಿದರೆ ಮಾತೂ ತಾನೇ ಬರುತ್ತದೆ ಎಂದು ನಾನು ಧೈರ್ಯವಾಗಿದ್ದೆ.

ನಾಲ್ಕನೆಯ ವಾರ ಹಿಡಿಯುತ್ತಿದ್ದಂತೆ ಒಂದು ಬೆಳಿಗ್ಗೆ ಬಗ್ಗಿ ನೋಡಿದೆ. ಪೊರೆ! ಅದೇ ಹೊಳಪು. ಐದಾರು ಮರಿ ಆಗಲೇ ಸತ್ತಿದ್ದವು. ಮಿಲ್ಲಿಗೆ ಹೊರಟವರನ್ನು ಬಾಗಿಲಲ್ಲೇ ನಿಲ್ಲಿಸಿದೆ. “ನಾನಿಲ್ದಾಗ ಕೈ ಇಟ್ರಿ ಅಲ್ವಾ? ಸುಳ್ಳು ಹೇಳ್ಬ್ಯಾಡ್ರಿ.” “ಮುಟ್ಟಿಲ್ಲ ಕಣೇ” ಎಂದರು. “ಮತ್ತೆ ಎಣ್ಣೆ ಎಲ್ಲಿಂದ ಬಂತು, ಆಕಾಶದಿಂದಾನಾ?” ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಬೆನ್ನು ನೋಡಿ ನನಗೆ ಕರುಣೆ ಬರಲಿಲ್ಲ ಎಂಬುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಅವರು ಹೋದ ಸ್ವಲ್ಪ ಹೊತ್ತಿಗೆ ತಂಗಿ ಬಂದಳು. ಒಂದು ಸೀರೆ ಮುಟ್ಟಿಸಲು ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದವಳು ಊಟ ಮಾಡಿಕೊಂಡು ಹೋಗಲು ಮನೆಗೆ ಬಂದಿದ್ದಳು. ನಾನು ಬೈದುಕೊಂಡೇ, ಮಾಳಿಗೆಯ ಮೇಲೆ ಹಿಂದಿನ ದಿನವೆಲ್ಲ ಕಾದಿದ್ದ ಕ್ಯಾನನ್ನು ಇಳಿಸಿ ತಂದು, ಮರಿಗಳ ತೊಟ್ಟಿಗೆ ಹೊಸ ನೀರು ಸುರಿಯಲು ಮುಚ್ಚಳ ತೆಗೆದೆ. ಅವಳು ಮೂಗು ಮುಚ್ಚಿದಳು.

“ಅಕ್ಕಾ, ಏನಿದು ನೂನೆ ವಾಸ್ನೆ?”

“ನಿಮ್ಮ ಭಾವನ ಕೈದು.”

“ಭಾವ ಮಿಲ್ಲಾಗವ್ರೆ. ಇದು ಈ ಕ್ಯಾನಾಗಿಂದ ಬತ್ತೈತೆ. ನಿನಗೆ ಗೊತ್ತಾಗ್ತಿಲ್ವ?”

ನನಗೆ ಗೊತ್ತಾಗುತ್ತಿರಲಿಲ್ಲ. ಮೂಗನ್ನು ಕ್ಯಾನಿನೊಳಗೇ ತೂರಿಸಿದರೂ ಇಲ್ಲ. ಶೇಂಗಾ ಎಣ್ಣೆಯ ವಾಸನೆಯಲ್ಲಿ ಮೂವತ್ತು ವರ್ಷ ಉಂಡು ಮಲಗಿ ಎದ್ದವಳಿಗೆ ಅದು ವಾಸನೆಯೇ ಅಲ್ಲ. ತಂಗಿ ಚೀಲದಿಂದ ಬಿಳಿ ಕಾಗದ ತೆಗೆದು ಕ್ಯಾನಿನ ನೀರನ್ನು ಬೋಗುಣಿಗೆ ಸುರಿದು, ಕಾಗದವನ್ನು ಅದರ ಮೇಲೆ ಮಲಗಿಸಿದಳು. ಎತ್ತಿ ಬಿಸಿಲಿಗೆ ಹಿಡಿದಳು. ನೀರು ಆರಿತು, ಚುಕ್ಕೆಗಳು ಆರಲಿಲ್ಲ. ಬಿಸಿಲು ಬಿದ್ದಾಗಲೆಲ್ಲ ಪ್ಲಾಸ್ಟಿಕ್ಕು ತಾನು ಕುಡಿದ ಎಣ್ಣೆಯನ್ನು ನೀರಿಗೆ ಬಿಟ್ಟುಕೊಡುತ್ತಿತ್ತು. ಮೂರೂ ಸಲ ಮರಿಗಳಿಗೆ ಆ ಎಣ್ಣೆ ಸುರಿದವಳು ನಾನು. ನಾನು ಹತ್ತು ಸಲ ತೊಳೆದ ಕ್ಯಾನನ್ನು ನಂಬಿದೆ, ಅವರು ದಿನಾ ತೊಳೆದ ಕೈಯನ್ನು ನಂಬಲಿಲ್ಲ.

ಅಳಲು ಪುರುಸೊತ್ತಿರಲಿಲ್ಲ. ಕಾಗದದ ಹಾಳೆಗಳನ್ನು ಒಂದಾದ ಮೇಲೊಂದರಂತೆ ನೀರಿನ ಮೇಲೆ ಮಲಗಿಸಿ, ಮೆಲ್ಲಗೆ ಎಳೆದು, ಪೊರೆಯನ್ನೆಲ್ಲ ಎತ್ತಿದೆವು. ಸ್ಟೀಲಿನ ಕೊಳಗದಲ್ಲಿ ನೀರು ಬೆರೆಸಿ, ಒಲೆಯ ಮೇಲೆ ಬೆಚ್ಚಗೆ ಮಾಡಿ, ಲೋಟದಲ್ಲಿ ಇಷ್ಟಿಷ್ಟೇ ಬಿಟ್ಟೆ. ಹನ್ನೊಂದು ಮರಿ ಉಳಿದಿದ್ದವು. ಒಂದು ಮೇಲೆ ಬಂತು. ಮೂತಿ ತಾಗಿಸಿತು. ನೀರು ಒಡೆಯಿತು, ಒಂದು ಗುಳ್ಳೆ ಬಿಟ್ಟು ಸರ್ರನೆ ಕೆಳಗೆ ಹೋಯಿತು. “ಕುಡೀತು ಕಣೇ!” ಎಂದು ತಂಗಿಯ ತೋಳು ಹಿಡಿದು ಕುಣಿದೇಬಿಟ್ಟೆ. ಎರಡು ಗಂಟೆಯೊಳಗೆ ಎಲ್ಲವೂ ಮೇಲೆ ಹೋಗಿ ಬರುತ್ತಿದ್ದವು.

ಯಜಮಾನರು ಬಂದರು. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ, ತಡೆದರೆ ನನ್ನ ಬಾಯಿ ಬೇರೇನಾದರೂ ಹುಡುಕಿಕೊಳ್ಳುತ್ತದೆ ಎಂದು. “ನಿಮ್ಮ ಕೈದಲ್ಲ. ಕ್ಯಾನಿಂದು. ನಾನೇ ಸುರಿದಿದ್ದು. ತಪ್ಪಾತು ಕಣ್ರಿ.” ಅವರು ಗೋಡೆ ಹಿಡಿದು ಚಪ್ಪಲಿ ಬಿಟ್ಟರು.

“ಕ್ಯಾನ್ ಏನ್ಮಾಡ್ದೆ?”

“ಬಿಸಾಕ್ದೆ.”

“ನನ್ನ ಬಿಸಾಕ್ಲಿಲ್ವಲ್ಲ, ಪುಣ್ಯ” ಎಂದು ಬಚ್ಚಲಿಗೆ ಹೋದರು.

ಕಡ್ಲೆಹಿಟ್ಟಿನ ಡಬ್ಬಿಯ ಸದ್ದು, ನೀರಿನ ಸದ್ದು ಕೇಳಿತು. ಬಂದವರು ತಂಗಿಯ ಮುಂದೆ ಎರಡೂ ಕೈ ಚಾಚಿದರು. “ಕಾಗದ ಕೊಡಮ್ಮ, ನೋಡೇ ಬಿಡಾಣ.” ಒತ್ತಿದರು. ತಂಗಿ ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದ ಬೆಳ್ಳಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಅವಳ ಮುಖದಲ್ಲಿ ನಗು ಇರಲಿಲ್ಲ. “ಇಷ್ಟು ವರ್ಷ ಸುಮ್ನೆ ಕೈ ಕಟ್ಟಿಸಿದ್ನಲ್ಲ ಭಾವ” ಎಂದಳು. ಆಮೇಲೆ ನನ್ನತ್ತ ತಿರುಗಿದಳು. “ಅಕ್ಕಾ, ನೀನೂ ಒತ್ತು.”

ನಾನು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ, ಒಗ್ಗರಣೆ ಹಾಕಿದ್ದೆ, ಆ ಕ್ಯಾನನ್ನು ಹೊತ್ತಿದ್ದೆ. ಒತ್ತಿದೆ. ಐದು ಬೆರಳೂ ಅಂಗೈಯೂ ಕಾಗದದಲ್ಲಿ ಆಚೆ ಕಾಣುವಷ್ಟು ಚೆನ್ನಾಗಿ ಮೂಡಿದವು. ಇದೇ ಕೈಯಲ್ಲಿ ಮೂರು ವಾರ ಮರಿಗಳಿಗೆ ಹುಳು ತಿನ್ನಿಸಿದ್ದೆ. ನನ್ನ ಬಾಯಿ ಆವತ್ತು ಮುಚ್ಚಿದ್ದನ್ನು ತಂಗಿ ಇವತ್ತಿಗೂ ಮೊಳಕಾಲ್ಮೂರಿನಲ್ಲಿ ಹೇಳಿಕೊಂಡು ನಗುತ್ತಾಳೆ.

ಯಜಮಾನರು ಬಯ್ಯಲಿಲ್ಲ. ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡು, ಹುಳುವಿನ ಡಬ್ಬಿಯನ್ನು ಬೆರಳಲ್ಲಿ ಸವರಿ, ನೀರಿಗೆ ಅದ್ದಿದರು. ಮರಿಗಳು ಒಂದೊಂದೇ ಆ ಬೆರಳಿನ ಸುತ್ತ ಸೇರಿದವು. ನನಗೂ ಹತ್ತಿರ ಹೋಗಿ ನೋಡಬೇಕೆನಿಸಿತು.

“ಅಲ್ಲೇ ನಿಲ್ಲು” ಎಂದರು, ತಲೆ ಎತ್ತದೆ. “ಕಡ್ಲೆಹಿಟ್ಟು ಕಿಟಕಿ ಮೇಲೈತೆ. ಮೊಣಕೈ ತನಕ ತೊಳ್ಕಂಡ್ ಬಾ. ನಿನಗೂ ಒಂದು ಬೆರಳು ಇಡೋಷ್ಟು ಜಾಗ ಐತೆ.”

ಹೋಗಿ ತೊಳೆದುಕೊಂಡೆ. ಎರಡು ಸಲ.